ಇಂಗ್ಲಿಷಿನ ಚುಕ್ಕಿಯೂ ಬೀದಿಯ ಮಾತೂ

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಮಗಳು, ಈ ಸಲ ಹಬ್ಬಕ್ಕೆ ಊರಿಗೆ ಬರಲಾಗುವುದಿಲ್ಲವೆಂದು ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಕಳುಹಿಸಿದಳು. ನಾನೂ ಅದೇ ಭಾಷೆಯಲ್ಲಿ ‘ಓಕೆ’ ಎಂದು ಬರೆದು, ಮೇಷ್ಟರಿಕೆಯ ಅಭ್ಯಾಸಬಲದಿಂದ ಅದರ ಮುಂದೆ ಒಂದು ಪೂರ್ಣವಿರಾಮವನ್ನೂ ಇಟ್ಟೆ. ಐದು ನಿಮಿಷದಲ್ಲಿ ಅವಳ ಫೋನು ಬಂತು. “ಅಪ್ಪಾ, ಸಿಟ್ಟು ಬಂತಾ?” ಎಂದಳು, ದನಿಯಲ್ಲಿ ಅಳುಕು. “ಸಿಟ್ಟು ಯಾಕಮ್ಮಾ? ಆಗಲಿ ಅಂತ ಬರೆದೆನಲ್ಲ” ಎಂದೆ. “ಬರೆದಿರಿ, ಆದರೆ ಮುಂದೆ ಚುಕ್ಕಿ ಇಟ್ಟಿದ್ದೀರಲ್ಲ!” ಎಂದಳು.

ವಾಕ್ಯದ ಕೊನೆಗೆ ಚುಕ್ಕಿ ಇಡದ ಹುಡುಗರಿಗೆ ಅಂಕ ಕಳೆಯುತ್ತ ಬಂದವನು ನಾನು. ಚುಕ್ಕಿ ಇಟ್ಟು ತಪ್ಪಿತಸ್ಥನಾದದ್ದು ಅಂದೇ ಮೊದಲು. ಇದು ಅವಳೊಬ್ಬಳ ಮನಸ್ಸಿನ ತರಂಗವಲ್ಲವೆಂಬುದು ಆಮೇಲೆ ತಿಳಿಯಿತು. ಅಮೆರಿಕದ ಬಿಂಗಮ್‌ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು 2015ರಲ್ಲಿ ಇದನ್ನೇ ಪರೀಕ್ಷಿಸಿ ಪ್ರಕಟಿಸಿದ್ದಾರೆ. ಒಂದೇ ಪದದ ಉತ್ತರಕ್ಕೆ ಪೂರ್ಣವಿರಾಮವಿದ್ದರೆ, ಅದು ಮನಸ್ಸಿನಿಂದ ಬಂದ ಮಾತಲ್ಲವೆಂದು ಅಲ್ಲಿಯ ವಿದ್ಯಾರ್ಥಿಗಳಿಗೆ ತೋರಿತಂತೆ. ಅದೇ ಉತ್ತರವನ್ನು ಕಾಗದದ ಚೀಟಿಯಲ್ಲಿ ಕೈಬರಹದಲ್ಲಿ ತೋರಿಸಿದಾಗ ಚುಕ್ಕಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಂದರೆ ಮೊಬೈಲಿನ ಬರಹವನ್ನು ಈ ಮಕ್ಕಳು ಕಣ್ಣಿನಿಂದ ಓದುತ್ತಿಲ್ಲ, ಕಿವಿಯಿಂದ ಕೇಳುತ್ತಿದ್ದಾರೆ. ನಮ್ಮ ಮನೆಯಲ್ಲಿ ಗಲಿಬಿಲಿ ಎಬ್ಬಿಸಿದ ಆ ಚುಕ್ಕಿಯ ಪೂರ್ವೋತ್ತರಗಳನ್ನು ವಿಚಾರಿಸಬೇಕೆನಿಸಿತು. ಅದರ ಜೊತೆಗಾರ ‘ಓಕೆ’ಯದನ್ನೂ.

ಕ್ರಿಸ್ತಪೂರ್ವ 200ರ ಸುಮಾರಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯ ಪಟ್ಟಣದ ಮಹಾಗ್ರಂಥಾಲಯದಲ್ಲಿ ಬೈಜಾಂಟಿಯಮ್ ಊರಿನ ಅರಿಸ್ಟೋಫೆನೀಸ್ ಎಂಬ ಗ್ರೀಕ್ ಪಂಡಿತನು ಅಧಿಕಾರಿಯಾಗಿದ್ದನು. (ಹಾಸ್ಯನಾಟಕಗಳ ಅರಿಸ್ಟೋಫೆನೀಸ್ ಬೇರೆ, ಇವನು ಬೇರೆ.) ಆಗಿನ ಗ್ರೀಕ್ ಬರಹದಲ್ಲಿ ಪದಪದಗಳ ನಡುವೆ ತೆರಪಿರಲಿಲ್ಲ. ಓದುವವನು ಗಟ್ಟಿಯಾಗಿ ಓದಿಕೊಂಡು, ಎಲ್ಲಿ ತುಂಡರಿಸಬೇಕೆಂಬುದನ್ನು ತಾನೇ ಕಂಡುಕೊಳ್ಳಬೇಕಾಗಿತ್ತು. ಇವನು ಸಾಲಿನ ಕೆಳಗೆ, ನಡುವೆ, ಮೇಲೆ ಎಂದು ಮೂರು ಎತ್ತರಗಳಲ್ಲಿ ಚುಕ್ಕಿ ಇಡುವ ಕ್ರಮವನ್ನು ತಂದನು. ಓದುಗನು ಎಲ್ಲೆಲ್ಲಿ ಎಷ್ಟೆಷ್ಟು ನಿಲ್ಲಬೇಕು ಎಂಬುದಕ್ಕೆ ಅವು ಗುರುತು. ಕಾಮಾ, ಕೋಲನ್, ಪಿರಿಯಡ್ ಎಂದು ಇಂದು ಚಿಹ್ನೆಗಳಿಗೆ ಹೇಳುವ ಹೆಸರುಗಳು ಮೊದಲಿಗೆ ಚಿಹ್ನೆಗಳವೇ ಅಲ್ಲ, ವಾಕ್ಯದ ತುಂಡುಗಳವು. ‘ಕಾಮಾ’ ಎಂದರೆ ಕತ್ತರಿಸಿದ ಚೂರು.

ತೆರಪಿಲ್ಲದ ಬರಹವೆಂದರೆ ನಮ್ಮವರಿಗೆ ಹೊಸದೇನಲ್ಲ. ನಮ್ಮ ಶಾಸನಗಳಲ್ಲಿಯೂ ತಾಳೆಗರಿಗಳಲ್ಲಿಯೂ ಅಕ್ಷರಗಳು ಒಂದಕ್ಕೊಂದು ಆತುಕೊಂಡೇ ಸಾಗುತ್ತವೆ. ಪದ್ಯ ಮುಗಿದಲ್ಲಿ ದಂಡ ಸಿಕ್ಕಿದರೆ ಅದೇ ಭಾಗ್ಯ. ಪದಚ್ಛೇದ ಮಾಡುವುದನ್ನು ಕಲಿಯುವುದರಲ್ಲಿಯೇ ಪಂಡಿತ ಪರೀಕ್ಷೆಯ ನನ್ನ ಮೊದಲ ವರ್ಷ ಕಳೆಯಿತು. ಲ್ಯಾಟಿನ್ ಬರಹದಲ್ಲಿ ಪದಗಳನ್ನು ಬಿಡಿಸಿ, ನಡುವೆ ತೆರಪಿಟ್ಟು ಬರೆಯುವ ಪದ್ಧತಿಯನ್ನು ರೂಢಿಗೆ ತಂದವರು ಏಳು ಎಂಟನೆಯ ಶತಮಾನದ ಐರ್ಲೆಂಡಿನ ಕ್ರೈಸ್ತ ಸಂನ್ಯಾಸಿಗಳು. ಅವರಿಗೆ ಲ್ಯಾಟಿನ್ ತಾಯಿನುಡಿಯಲ್ಲ, ಕಲಿತ ಭಾಷೆ. ಪರಭಾಷೆಯನ್ನು ಕಷ್ಟಪಟ್ಟು ಕಲಿತವನಿಗೇ ಪದದ ಅಂಚು ಎಲ್ಲಿದೆಯೆಂಬ ಚಿಂತೆ ಹೆಚ್ಚು. ಎಂಟನೆಯ ಶತಮಾನದ ಕೊನೆಗೆ ಷಾರ್ಲ್‌ಮೇನ್ ಚಕ್ರವರ್ತಿಯ ಆಸ್ಥಾನದಲ್ಲಿದ್ದ ಇಂಗ್ಲೆಂಡಿನ ಆಲ್ಕ್ವಿನ್ ಎಂಬ ವಿದ್ವಾಂಸನು, ಲಿಪಿಕಾರರ ಒಡ್ಡತನದಿಂದ ವಿರಾಮಚಿಹ್ನೆಗಳು ಅಳಿದೇ ಹೋಗುವ ಹಾಗಾಗಿವೆಯೆಂದು ಒಡೆಯನಿಗೆ ಕಾಗದ ಬರೆದು ಗೋಳಾಡಿಕೊಂಡಿದ್ದಾನೆ. ಈ ಗೋಳಿಗೆ ಸಾವಿರದ ಇನ್ನೂರು ವರ್ಷ ವಯಸ್ಸಾಯಿತು. ನಾನು ಶಾಲೆಯ ಉಪಾಧ್ಯಾಯರ ಕೊಠಡಿಯಲ್ಲಿ ಅದನ್ನೇ ಹೇಳುತ್ತಿರುತ್ತೇನೆ.

ಮುಂದೆ ಅಚ್ಚಿನ ಯಂತ್ರ ಬಂದಿತು. ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಷಿಯಸ್ 1490ರ ದಶಕದಲ್ಲಿ ಚುಕ್ಕಿಯ ಕೆಳಗೊಂದು ಕೊಕ್ಕೆಯನ್ನಿಟ್ಟು ಅರ್ಧವಿರಾಮವನ್ನು ಅಚ್ಚಿಗೆ ತಂದನು. ಇಂಗ್ಲೆಂಡಿನಲ್ಲಿ 1476ರಲ್ಲಿ ಮೊದಲ ಮುದ್ರಣಾಲಯವನ್ನು ತೆರೆದ ಕ್ಯಾಕ್ಸ್‌ಟನ್ನನು ಬಹುಮಟ್ಟಿಗೆ ಒಂದು ಓರೆಗೆರೆಯಲ್ಲೇ ಕಾಲ ಹಾಕಿದ್ದನು. ಆದರೂ ಆ ಕಾಲಕ್ಕೆ ಈ ಚಿಹ್ನೆಗಳೆಲ್ಲ ಉಸಿರಿಗೆ ಸಂಬಂಧಪಟ್ಟವೇ. ನಾಟಕಕಾರ ಬೆನ್ ಜಾನ್ಸನ್ ಬರೆದ ಇಂಗ್ಲಿಷ್ ವ್ಯಾಕರಣ ಅವನು ಸತ್ತ ಮೇಲೆ 1640ರಲ್ಲಿ ಅಚ್ಚಾಯಿತು. ಅದರಲ್ಲಿಯೂ ವಿರಾಮವೆಂದರೆ ಉಸಿರು ತೆಗೆದುಕೊಳ್ಳುವ ಎಡೆ. 1795ರಲ್ಲಿ ಲಿಂಡ್ಲಿ ಮರ್ರೆ ಬರೆದ ವ್ಯಾಕರಣ ಬಹುಕಾಲ ಶಾಲೆಶಾಲೆಗಳಲ್ಲಿ ನಡೆಯಿತು. ಕಾಮಾಕ್ಕೆ ಒಂದು ಪಾಲು ನಿಲುಗಡೆಯಾದರೆ ಅರ್ಧವಿರಾಮಕ್ಕೆ ಅದರ ಎರಡರಷ್ಟು, ಕೋಲನ್ನಿಗೆ ಅದರ ಇಮ್ಮಡಿ, ಪೂರ್ಣವಿರಾಮಕ್ಕೆ ಮತ್ತೂ ಇಮ್ಮಡಿ ಎಂದು ಮರ್ರೆ ಲೆಕ್ಕ ಕಟ್ಟಿಕೊಟ್ಟಿದ್ದಾನೆ. ಒಂದು, ಎರಡು, ನಾಲ್ಕು, ಎಂಟು! ನಮ್ಮ ಛಂದಸ್ಸಿನವರು ಇದನ್ನು ನೋಡಿದ್ದರೆ ‘ಇವನೂ ಮಾತ್ರೆ ಎಣಿಸುವವನೇ’ ಎಂದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು.

ನಿಲ್ಲಬಾರದ ಕಡೆ ನಿಂತರೆ ಏನಾಗುತ್ತದೆಂಬುದನ್ನು ಷೇಕ್ಸ್‌ಪಿಯರನೇ ರಂಗದ ಮೇಲೆ ತೋರಿಸಿದ್ದಾನೆ. ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದ ಐದನೆಯ ಅಂಕದಲ್ಲಿ ಪೀಟರ್ ಕ್ವಿನ್ಸ್ ಎಂಬ ಬಡಗಿ, ರಾಜನ ಮದುವೆಯ ಸಂಭ್ರಮದಲ್ಲಿ ನಾಂದಿಯ ಮಾತನ್ನು ಒಪ್ಪಿಸಲು ನಿಲ್ಲುತ್ತಾನೆ. ಮಾತೆಲ್ಲ ವಿನಯದ್ದೇ. ಆದರೆ ಗಾಬರಿಯಲ್ಲಿ ನಿಲ್ಲಬೇಕಾದಲ್ಲಿ ಓಡಿ, ಓಡಬೇಕಾದಲ್ಲಿ ನಿಂತು, ‘ನಿಮ್ಮನ್ನು ಸಂತೋಷಪಡಿಸಲು ಬಂದಿದ್ದೇವೆ’ ಎಂಬುದು ‘ನಿಮ್ಮ ಸಂತೋಷಕ್ಕಾಗಿ ನಾವೇನೂ ಬಂದಿಲ್ಲ’ ಎಂಬಂತೆ ಕೇಳಿಸುತ್ತದೆ. ಒಂದು ಪದವೂ ಬದಲಾಗಿಲ್ಲ, ಸ್ವಾಗತ ಬೈಗುಳವಾಗಿದೆ. ಬಾನುಲಿಯ ನಾಟಕಗಳನ್ನು ಕೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾದದ್ದಿಲ್ಲ.

ಆದರೆ ಅಕ್ಷರ ಬಲ್ಲವರು ಮನಸ್ಸಿನಲ್ಲೇ ಓದಿಕೊಳ್ಳುವುದು ಹೆಚ್ಚಿದ ಹಾಗೆಲ್ಲ ಚುಕ್ಕಿ ಕೊಕ್ಕೆಗಳ ಕೆಲಸವೂ ಬದಲಾಯಿತು. ಉಸಿರಿನ ಗುರುತುಗಳು ಅನ್ವಯದ ಗುರುತುಗಳಾದವು. ಇಂಗ್ಲಿಷಿಗೆ ಇದು ನಮಗಿಂತ ಹೆಚ್ಚು ಅಗತ್ಯವಾಗಿತ್ತು. ಹಳೆಯ ಇಂಗ್ಲಿಷಿನಲ್ಲಿ ನಮ್ಮಂತೆಯೇ ವಿಭಕ್ತಿ ಪ್ರತ್ಯಯಗಳಿದ್ದವು. ಹದಿಮೂರನೆಯ ಶತಮಾನದ ಹೊತ್ತಿಗೆ ಅವು ಬಹುಪಾಲು ಸವೆದುಹೋದವು. ನಮ್ಮಲ್ಲಿ ‘ರಾಮನೂ ಭೀಮನೂ’ ಎಂದರೆ ಒಂದು, ‘ರಾಮನೋ ಭೀಮನೋ’ ಎಂದರೆ ಇನ್ನೊಂದು. ‘ಬಂದನೇ’ ಎಂದರೆ ಪ್ರಶ್ನೆ. ಆಡಿದ ಮಾತು ಎಲ್ಲಿ ಮುಗಿಯಿತೆಂಬುದನ್ನು ‘ಎಂದು’ ಹೇಳುತ್ತದೆ. ಇಷ್ಟು ಕೆಲಸವನ್ನು ಅಕ್ಷರಗಳೇ ಮಾಡುತ್ತಿದ್ದುದರಿಂದಲೇ ನಮ್ಮ ಪೂರ್ವಿಕರು ಕಾಮಾ ಇಲ್ಲದೆ ಕಾವ್ಯ ಬರೆದರು. ಈ ಚಿಹ್ನೆಗಳು ಕನ್ನಡದಲ್ಲಿ ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಮುದ್ರಣದ ಜೊತೆಗೆ. ಈಗ ನಮಗೂ ಅವು ಬೇಕೇ ಬೇಕು. ‘ಗಲ್ಲು ಬೇಡ ಬಿಡುಗಡೆ’ ಎಂದು ಕರಿಹಲಗೆಯ ಮೇಲೆ ಬರೆದು, ಕಾಮಾ ಎಲ್ಲಿಡುತ್ತೀರೆಂದು ನಾನು ಪ್ರತಿ ವರ್ಷ ಮಕ್ಕಳನ್ನು ಕೇಳುತ್ತೇನೆ. ‘ಬೇಡ’ದ ಹಿಂದೆ ಇಟ್ಟವನು ಒಂದು ತಲೆ ತೆಗೆದ, ಮುಂದೆ ಇಟ್ಟವನು ಉಳಿಸಿದ. ಮಕ್ಕಳು ನಗುತ್ತಾರೆ.

ನಗದೆ ಇರುವಂಥದೂ ಒಂದುಂಟು. ಸರ್ ರೋಜರ್ ಕೇಸ್‌ಮೆಂಟ್ ಐರ್ಲೆಂಡಿನವನು. ಬ್ರಿಟಿಷ್ ಸರ್ಕಾರದ ರಾಯಭಾರ ಕಾರ್ಯದಲ್ಲಿದ್ದಾಗ, ಕಾಂಗೋ ದೇಶದ ರಬ್ಬರ್ ಕೂಲಿಗಳ ಮೇಲೆ ನಡೆಯುತ್ತಿದ್ದ ಕ್ರೌರ್ಯವನ್ನು ಲೋಕಕ್ಕೆ ತಿಳಿಸಿದವನು. ಮೊದಲನೆಯ ಮಹಾಯುದ್ಧದಲ್ಲಿ ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಜರ್ಮನಿಗೆ ಹೋಗಿ, ಅಲ್ಲಿ ಸೆರೆಯಲ್ಲಿದ್ದ ಐರಿಷ್ ಸೈನಿಕರನ್ನು ಬ್ರಿಟನ್ನಿನ ವಿರುದ್ಧ ಕಟ್ಟಲು ಯತ್ನಿಸಿದನು. 1916ರ ಏಪ್ರಿಲಿನಲ್ಲಿ ಜರ್ಮನ್ ಜಲಾಂತರ್ಗಾಮಿಯಲ್ಲಿ ಬಂದು ಐರ್ಲೆಂಡಿನ ತೀರದಲ್ಲಿಳಿದು ಸಿಕ್ಕಿಬಿದ್ದನು. ರಾಜದ್ರೋಹದ ಮೊಕದ್ದಮೆ ನಡೆದದ್ದು 1351ರಲ್ಲಿ ಬರೆದ ಕಾಯಿದೆಯ ಮೇಲೆ. ಅದೂ ನಾರ್ಮನ್ ಫ್ರೆಂಚಿನಲ್ಲಿ. ರಾಜ್ಯದೊಳಗೆ ರಾಜನ ಶತ್ರುಗಳ ಪಕ್ಷ ಸೇರಿದವನು, ಅವರಿಗೆ ರಾಜ್ಯದೊಳಗೆ ಅಥವಾ ಬೇರೆಡೆ ನೆರವು ಕೊಟ್ಟವನು ಎಂದು ಅದರ ಒಕ್ಕಣೆ. ಕೇಸ್‌ಮೆಂಟ್ ಮಾಡಿದ್ದೆಲ್ಲ ಜರ್ಮನಿಯಲ್ಲಿ. ‘ಅಥವಾ ಬೇರೆಡೆ’ ಎಂಬುದು ಹಿಂದಿನ ತುಂಡಿಗೆ ಮಾತ್ರ ಸೇರಿದ್ದೋ, ಇಡೀ ವಾಕ್ಯಕ್ಕೆ ಸೇರಿದ್ದೋ? ಇಬ್ಬರು ನ್ಯಾಯಾಧೀಶರು ದಾಖಲೆಗಳ ಕಚೇರಿಗೆ ಹೋಗಿ ಮೂಲದ ಚರ್ಮದ ಹಾಳೆಯನ್ನು ಭೂತಗನ್ನಡಿ ಹಿಡಿದು ನೋಡಿ ಬಂದರು. ಎಲ್ಲಿದ್ದು ಮಾಡಿದರೂ ದ್ರೋಹವೇ ಎಂದು ತೀರ್ಪಾಯಿತು. 1916ರ ಆಗಸ್ಟ್ 3ರಂದು ಲಂಡನ್ನಿನ ಪೆಂಟನ್‌ವಿಲ್ ಸೆರೆಮನೆಯಲ್ಲಿ ಆತನನ್ನು ಗಲ್ಲಿಗೇರಿಸಿದರು. ಆತ ಕಾಮಾದಿಂದ ನೇಣಾದನೆಂಬ ಮಾತು ಇಂಗ್ಲಿಷಿನಲ್ಲಿ ನಿಂತುಹೋಯಿತು. ಯುದ್ಧಕಾಲದ ರೋಷವನ್ನೆಲ್ಲ ಒಂದು ಗೀಟಿನ ಮೇಲೆ ಹೊರಿಸುವುದು ಅತಿಶಯೋಕ್ತಿಯೇ. ಆದರೂ ಬದುಕಬೇಕೆಂದಿದ್ದ ಮನುಷ್ಯನ ಪರವಾಗಿ ವಾದಿಸಲು ವಕೀಲರಿಗೆ ಉಳಿದಿದ್ದ ಒಂದು ಎಡೆ ಅದು.

ಇತ್ತೀಚಿನದೂ ಒಂದಿದೆ, ಇಷ್ಟು ಕಠೋರವಲ್ಲ. ಅಮೆರಿಕದ ಮೇನ್ ಸಂಸ್ಥಾನದಲ್ಲಿ ಹಾಲಿನ ವ್ಯಾಪಾರದ ಸಂಸ್ಥೆಯೊಂದರ ಲಾರಿ ಚಾಲಕರು ಹೆಚ್ಚುವೇಳೆಯ ಕೂಲಿಗಾಗಿ ದಾವೆ ಹೂಡಿದರು. ಯಾವ ಯಾವ ಕೆಲಸಕ್ಕೆ ಆ ಕೂಲಿ ಸಲ್ಲದೆಂಬ ಪಟ್ಟಿಯ ಕೊನೆಯಲ್ಲಿ ‘ಸಾಗಣೆಗೆ ಅಥವಾ ಹಂಚಿಕೆಗೆ ಕಟ್ಟುವುದು’ ಎಂದೂ ಓದಬಹುದಿತ್ತು, ‘ಸಾಗಣೆಗೆ ಕಟ್ಟುವುದು, ಅಥವಾ ಹಂಚುವುದು’ ಎಂದೂ ಓದಬಹುದಿತ್ತು. ನಡುವೆ ಕಾಮಾ ಇರಲಿಲ್ಲ. ‘ನಾವು ಹಂಚುವವರು, ಕಟ್ಟುವವರಲ್ಲ’ ಎಂದರು ಚಾಲಕರು. 2017ರಲ್ಲಿ ಮೇಲ್ಮನವಿಯ ನ್ಯಾಯಾಲಯ ಅವರ ಕಡೆಗೆ ಒಲಿಯಿತು. 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು.

ಇನ್ನು ‘ಓಕೆ’ಯ ಮಾತು. ನಮ್ಮ ಆಲಂಕಾರಿಕರು ಗ್ರಾಮ್ಯವನ್ನು ಕಾವ್ಯದೋಷಗಳಲ್ಲಿ ಸೇರಿಸಿದ್ದಾರೆ. ಇಂಗ್ಲಿಷಿನಲ್ಲಿ ಈ ದಂಡವನ್ನು ಹಿಡಿದವನು ಜೊನಾಥನ್ ಸ್ವಿಫ್ಟ್. 1710ರಲ್ಲಿ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ, ಜನ ಪದಗಳ ಬಾಲ ಕತ್ತರಿಸಿ ಮೊಂಡು ಮಾಡುತ್ತಿದ್ದಾರೆಂದು ಅವನು ಸಿಡಿದುಬಿದ್ದನು. ಲ್ಯಾಟಿನ್ನಿನ ‘ಮೊಬಿಲೆ ವಲ್ಗಸ್’ ಎಂಬುದನ್ನು ಕತ್ತರಿಸಿದ ‘ಮಾಬ್’ ಎಂಬ ಪದದ ಮೇಲೆ ಅವನಿಗೆ ವಿಶೇಷ ಹಗೆ; ವರ್ಷಗಟ್ಟಲೆ ಹೋರಾಡಿ ಸಂಖ್ಯಾಬಲದ ಮುಂದೆ ಸೋತೆನೆಂದು ತಾನೇ ಒಪ್ಪಿಕೊಂಡಿದ್ದಾನೆ. 1712ರಲ್ಲಿ ಭಾಷೆಯನ್ನು ತಿದ್ದಿ ಸ್ಥಿರಗೊಳಿಸುವ ವಿದ್ವತ್ಸಭೆಯೊಂದು ಬೇಕೆಂದು ಮಂತ್ರಿಗೆ ಮನವಿ ಬರೆದನು. ಸಭೆ ಸೇರಲೇ ಇಲ್ಲ. ‘ಮಾಬ್’ ಇಂದು ನ್ಯಾಯಾಲಯದ ತೀರ್ಪುಗಳಲ್ಲಿಯೂ ಗಾಂಭೀರ್ಯದಿಂದ ಕುಳಿತಿದೆ. 1755ರಲ್ಲಿ ಡಾಕ್ಟರ್ ಜಾನ್ಸನ್ ತನ್ನ ನಿಘಂಟಿನಲ್ಲಿ ‘ಫನ್’ ಎಂಬ ಪದಕ್ಕೆ ಕೀಳು ಮಾತೆಂದು ಮುದ್ರೆಯೊತ್ತಿದನು. ಆದರೆ ಅದೇ ನಿಘಂಟಿನ ಮುನ್ನುಡಿಯಲ್ಲಿ, ಬದಲಾವಣೆಯಿಂದ ಭಾಷೆಯನ್ನು ಕಾಪಾಡಿಬಿಡುತ್ತೇನೆಂಬ ತನ್ನ ಆಸೆ ಹುಸಿಯೆಂದೂ ಬರೆದನು. ನಮ್ಮ ‘ಲೂಟಿ’ಯೂ ಇಂಗ್ಲಿಷಿಗೆ ಹೋಗಿ ಮರ್ಯಾದೆ ಪಡೆದಿದೆ, ಕುಂಪಣಿಯವರು ಪದವನ್ನೂ ಕ್ರಿಯೆಯನ್ನೂ ಒಟ್ಟಿಗೇ ಸಾಗಿಸಿದರು.

‘ಓಕೆ’ಯ ಜಾತಕ ಇನ್ನೂ ತಮಾಷೆಯದು. 1830ರ ದಶಕದ ಕೊನೆಗೆ ಬಾಸ್ಟನ್ ನಗರದ ಪತ್ರಿಕೆಗಳಲ್ಲಿ ಬೇಕೆಂದೇ ಕಾಗುಣಿತ ಕೆಡಿಸಿ, ಅದರ ಮೊದಲಕ್ಷರಗಳನ್ನಷ್ಟೇ ಅಚ್ಚುಹಾಕುವ ಹುಡುಗಾಟವಿತ್ತು. ‘ಆಲ್ ಕರೆಕ್ಟ್’ ಎಂಬುದನ್ನು ‘ಓಲ್ ಕೊರೆಕ್ಟ್’ ಎಂದು ಕೆಡಿಸಿ, ಓ ಮತ್ತು ಕೆ ಎಂಬ ಎರಡಕ್ಷರಗಳನ್ನು 1839ರ ಮಾರ್ಚ್ 23ರಂದು ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಅಚ್ಚುಹಾಕಿತು. ಮರುವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ವಾನ್ ಬ್ಯುರೆನ್ನನ ಕಡೆಯವರು, ಅವನ ಹುಟ್ಟೂರು ಕಿಂಡರ್‌ಹುಕ್ ಆದ್ದರಿಂದ ‘ಓಲ್ಡ್ ಕಿಂಡರ್‌ಹುಕ್’ ಎಂದು ಅದಕ್ಕೆ ಇನ್ನೊಂದು ಅರ್ಥ ಕಟ್ಟಿ ಊರೂರು ತಿರುಗಿಸಿದರು. ಅವನು ಸೋತ, ಪದ ಗೆದ್ದಿತು. ಈ ವಂಶಾವಳಿಯನ್ನು ಆಲನ್ ವಾಕರ್ ರೀಡ್ ಎಂಬ ಪ್ರಾಧ್ಯಾಪಕರು 1963 ಮತ್ತು 64ರಲ್ಲಿ ಹಳೆಯ ಪತ್ರಿಕೆಗಳನ್ನು ಜಾಲಾಡಿ ಸ್ಥಾಪಿಸಿದರು. ಕಾಗುಣಿತ ತಪ್ಪಿದ ಎರಡಕ್ಷರ ಈಗ ನಮ್ಮೂರ ಸಂತೆಯಲ್ಲಿ ಸೊಪ್ಪು ಮಾರುವಾಕೆಯ ಬಾಯಲ್ಲಿಯೂ ಇದೆ.

ನಾನು ಸ್ವಿಫ್ಟನ ಕಡೆಯವನೇ ಆಗಿದ್ದೆ. ‘ಪ್ರವಾಸ ಬೋರ್ ಆಯಿತು’ ಎಂದು ಬರೆದ ಹುಡುಗನ ನಿಬಂಧಕ್ಕೆ ಕೆಂಪು ಗೆರೆ ಎಳೆದು, ತರಗತಿಯಲ್ಲಿ ಎದ್ದು ನಿಲ್ಲಿಸಿ ಗದರಿದ್ದೂ ಉಂಟು. ಆ ‘ಬೋರ್’ ಸಹ 1760ರ ದಶಕದಲ್ಲಿ ಲಂಡನ್ನಿನ ಷೋಕಿಲಾಲರ ನಡುವೆ ಹೊಸದಾಗಿ ಹೊರಟ ಮಾತೆಂದು ಓದಿದಾಗ ಅವನ ಮುಖ ನೆನಪಾಯಿತು. ಪದಗಳನ್ನು ಕಾಯುವ ಕೆಲಸದಲ್ಲಿ ಪಂಡಿತರು ಗೆದ್ದದ್ದನ್ನು ನಾನು ಚರಿತ್ರೆಯಲ್ಲಿ ಕಾಣೆ. ಬೀದಿಯಿಂದ ಬಂದ ಮಾತು ಜನಕ್ಕೆ ಬೇಕಾದರೆ ಉಳಿಯುತ್ತದೆ, ಇಲ್ಲವಾದರೆ ತಾನೇ ಹೊರಟುಹೋಗುತ್ತದೆ, ಯಾರಿಗೂ ನಷ್ಟವಿಲ್ಲ. ಚಿಹ್ನೆಯ ವಿಷಯ ಹಾಗಲ್ಲ. ಅದು ತಪ್ಪಿದರೆ ಒಬ್ಬನ ಕೂಲಿ ಹೋಗುತ್ತದೆ.

ಇಂಗ್ಲೆಂಡಿನ ಲಿಂಕನ್‌ಷೈರಿನ ಬಾಸ್ಟನ್ನಿನಲ್ಲಿ, ನಿವೃತ್ತ ಪತ್ರಕರ್ತ ಜಾನ್ ರಿಚರ್ಡ್ಸ್ ಎಂಬವರು 2001ರಲ್ಲಿ ಅಪಾಸ್ಟ್ರಫಿ ಚಿಹ್ನೆಯ ರಕ್ಷಣೆಗೆಂದೇ ಸಂಘ ಕಟ್ಟಿದ್ದರು. ತಪ್ಪು ಫಲಕ ಹಾಕಿದ ಅಂಗಡಿಯವರಿಗೆ ವಿನಯದಿಂದ ಕಾಗದ ಬರೆಯುತ್ತಿದ್ದರು. 2019ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ, ಅಜ್ಞಾನವೂ ಸೋಮಾರಿತನವೂ ಗೆದ್ದವೆಂದು ಹೇಳಿ ಸಂಘವನ್ನು ಮುಚ್ಚಿದರು. ಅವರು ತೀರಿಕೊಂಡ ಮೇಲೆ ಬೇರೆಯವರು ಮತ್ತೆ ತೆರೆದಿದ್ದಾರೆ. ಈ ವೃದ್ಧರ ಮೇಲೆ ನನಗೆ ಗೌರವ ಹುಟ್ಟಿತು.

ಮಗಳ ಪಕ್ಷವನ್ನೂ ತೆಗೆದುಹಾಕುವಂತಿಲ್ಲ. ಒಂದೇ ಪದದ ಉತ್ತರದಲ್ಲಿ ಅನ್ವಯಿಸುವುದಕ್ಕೆ ಏನಿದೆ? ಅಲ್ಲಿ ಚುಕ್ಕಿಗೆ ಉಳಿದಿರುವುದು ದನಿಯ ಕೆಲಸವೊಂದೇ. ಅಲೆಕ್ಸಾಂಡ್ರಿಯದ ಪಂಡಿತನು ಮೊದಲು ಅದಕ್ಕೆ ಒಪ್ಪಿಸಿದ್ದೂ ಅದನ್ನೇ. ಆ ಲೆಕ್ಕದಲ್ಲಿ ಅವಳು ನನಗಿಂತ ಅವನಿಗೆ ಹತ್ತಿರದವಳು. ಹೋದ ವಾರ ಅವಳು ‘ಮುಂದಿನ ತಿಂಗಳು ಬರುತ್ತೇನೆ’ ಎಂದು ಬರೆದಾಗ ‘ಓಕೆ’ ಎಂದಷ್ಟೇ ಬರೆದು, ಚುಕ್ಕಿಯ ಮೇಲೆ ಹೋಗಿ ನಿಂತಿದ್ದ ಹೆಬ್ಬೆರಳನ್ನು ಹಿಂದಕ್ಕೆ ತೆಗೆದುಕೊಂಡೆ.

ಹತ್ತನೆಯ ತರಗತಿಯ ನಿಬಂಧಗಳ ಕಟ್ಟು ಮೇಜಿನ ಮೇಲಿದೆ. ಅದರಲ್ಲಿ ಚುಕ್ಕಿ ಬಿಟ್ಟವರಿಗೆ ಈಗಲೂ ಅರ್ಧ ಅಂಕ ಕಳೆಯುತ್ತೇನೆ. ‘ಬೋರ್’ ಎಂದು ಬರೆದವರಿಗೆ ಮಾತ್ರ ಕಳೆಯುತ್ತಿಲ್ಲ.