ನಾಣ್ಯಕ್ಕೂ ಒಂದು ಊರಿರುತ್ತೆ

(1/8)
ಈ ಸರಣಿಯಲ್ಲಿ ಗ್ರೀಕ್-ರೋಮನ್ ನಾಣ್ಯಗಳು. ಮೊದಲು ಒಂದು ಚಿನ್ನದ ನಾಣ್ಯದ ಕಥೆ.

ಅಗಲ ಸುಮಾರು ಎರಡು ಸೆಂಟಿಮೀಟರ್, ತೂಕ ಹೆಚ್ಚುಕಮ್ಮಿ ಎಂಟು ಗ್ರಾಂ. ಒಂದು ಕಡೆ ಒಬ್ಬ ಗಂಡಸಿನ ಮುಖ. ಇನ್ನೊಂದು ಕಡೆ ಎರಡು ಕಠಾರಿ, ನಡುವೆ ಒಂದು ಟೋಪಿ. ಕೆಳಗೆ ಲ್ಯಾಟಿನ್ ಅಕ್ಷರಗಳಲ್ಲಿ 'ಈಡ್ ಮಾರ್', ಅಂದರೆ ಮಾರ್ಚ್ 15. ಕ್ರಿ.ಪೂ. 44ರಲ್ಲಿ ಅದೇ ದಿನ ಜೂಲಿಯಸ್ ಸೀಸರನನ್ನು ಇರಿದು ಕೊಂದರು. ಕೊಂದವರಲ್ಲಿ ಮುಖ್ಯನಾದ ಬ್ರೂಟಸ್‌ನ ಮುಖವೇ ಈ ನಾಣ್ಯದ ಮೇಲಿರೋದು. ಆ ಟೋಪಿ ಯಾಕೆ? ರೋಮ್‌ನಲ್ಲಿ ಬಿಡುಗಡೆಯಾದ ಗುಲಾಮರು ಹಾಕಿಕೊಳ್ಳುತ್ತಿದ್ದ ಟೋಪಿ ಅದು. 'ಸೀಸರನಿಂದ ರೋಮ್‌ಗೆ ಬಿಡುಗಡೆ ಕೊಡಿಸಿದೆವು' ಅಂತ ಬ್ರೂಟಸ್ ತನ್ನ ಸೈನಿಕರ ಕೈಗೆ, ಸಂಬಳದ ಜೊತೆಗೇ, ಸುದ್ದಿ ಹಂಚುತ್ತಿದ್ದ!

ಈ ನಾಣ್ಯ ಬೆಳ್ಳಿಯಲ್ಲಿ ಹಲವು ಸಿಕ್ಕಿವೆ. ಚಿನ್ನದಲ್ಲಿ ಗೊತ್ತಿರೋದು ಮೂರೇ ಮೂರು. ಅದರಲ್ಲೊಂದು 2020ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಹರಾಜಿನಲ್ಲಿ 32 ಲಕ್ಷ ಪೌಂಡ್‌ಗೂ ಹೆಚ್ಚು ಬೆಲೆಗೆ ಹೋಯ್ತು. ಆಗಿನ ಲೆಕ್ಕದಲ್ಲಿ ಸುಮಾರು 30 ಕೋಟಿ ರೂಪಾಯಿ. ಎರಡೂವರೆ ವರ್ಷವೂ ಆಗಿರಲಿಲ್ಲ, ಆ ನಾಣ್ಯವನ್ನು ಗ್ರೀಸ್ ದೇಶಕ್ಕೆ ವಾಪಸ್ ಕೊಡಬೇಕಾಯ್ತು.

ನಾಣ್ಯ ನಕಲಿಯಲ್ಲ, ಅಸಲಿಯೇ. ಮತ್ತೆ ತಪ್ಪಾಗಿದ್ದೆಲ್ಲಿ? ಉತ್ತರ ಏಳನೇ ಭಾಗದಲ್ಲಿದೆ. ಆದರೆ ನೇರ ಅಲ್ಲಿಗೆ ಹಾರಬೇಡಿ. ನಡುವಿನ ಕಥೆ ಗೊತ್ತಿದ್ದರೇನೇ ಆ ಉತ್ತರದ ಮಹತ್ವ ಅರ್ಥ ಆಗೋದು.

(2/8)
ನಾಣ್ಯ ಶುರುವಾಗಿದ್ದು ಹೇಗೆ?

ಈಗಿನ ಟರ್ಕಿಯ ಪಶ್ಚಿಮ ಭಾಗದಲ್ಲಿ ಲಿಡಿಯಾ ಅಂತ ಒಂದು ರಾಜ್ಯ ಇತ್ತು. ಕ್ರಿ.ಪೂ. ಏಳನೇ ಶತಮಾನದಲ್ಲಿ ಅಲ್ಲಿ ಮತ್ತು ಸುತ್ತಲಿನ ಗ್ರೀಕ್ ಊರುಗಳಲ್ಲಿ ಚಿನ್ನ-ಬೆಳ್ಳಿ ಬೆರೆತ ಲೋಹದ ಸಣ್ಣ ಗಟ್ಟಿಗಳಿಗೆ ಮುದ್ರೆ ಒತ್ತಲು ಶುರುಮಾಡಿದರು. ಅಲ್ಲಿಂದ ಗ್ರೀಕ್ ನಗರಗಳು ಒಂದೊಂದೂ ತಮ್ಮದೇ ಗುರುತು ಹಾಕಿದವು. ಅಥೆನ್ಸ್‌ದು ಗೂಬೆ. ನಮ್ಮಲ್ಲಿ ಗೂಬೆ ಕೂತರೆ ಅಪಶಕುನ, ಅಲ್ಲಿ ಅದು ಅಥೀನಾ ದೇವತೆಯ ಹಕ್ಕಿ! ಲಾರಿಯನ್ ಗಣಿಯ ಬೆಳ್ಳಿಯಿಂದ ಮಾಡಿದ, 17 ಗ್ರಾಂ ತೂಗುವ ಆ ಗೂಬೆ ನಾಣ್ಯ ಮೆಡಿಟರೇನಿಯನ್ ಸಮುದ್ರದ ಸುತ್ತೆಲ್ಲ ಓಡಾಡಿತು.

ರೋಮನ್ನರ ಬೆಳ್ಳಿ ನಾಣ್ಯ ಡಿನಾರಿಯಸ್ ಬಂದಿದ್ದು ಕ್ರಿ.ಪೂ. 211ರ ಸುಮಾರಿಗೆ. ರೋಮ್‌ನ ನಾಣ್ಯದ ಮೇಲೆ ಬದುಕಿರುವಾಗಲೇ ಮುಖ ಹಾಕಿಸಿಕೊಂಡ ಮೊದಲ ರೋಮನ್ ಜೂಲಿಯಸ್ ಸೀಸರ್, ಅದೂ ಕೊಲೆಯಾದ ವರ್ಷದಲ್ಲೇ. 'ಇವನು ರಾಜನಾಗೋಕೆ ಹೊರಟಿದ್ದಾನೆ' ಅಂತ ಜನರಿಗಿದ್ದ ಅನುಮಾನಕ್ಕೆ ಇದೂ ಇಂಬು ಕೊಟ್ಟಿತು. ತಮಾಷೆ ನೋಡಿ, ಅವನನ್ನು ಕೊಂದ ಬ್ರೂಟಸ್ ಕೂಡ ಎರಡು ವರ್ಷದೊಳಗೆ ತನ್ನ ಮುಖವನ್ನೇ ನಾಣ್ಯಕ್ಕೆ ಹಾಕಿಸಿದ.

ಟಿವಿ, ಪೇಪರ್, ಫೋನ್ ಯಾವುದೂ ಇಲ್ಲದ ಕಾಲ ಅದು. ಚಕ್ರವರ್ತಿಯ ಮುಖ ಹಳ್ಳಿಯ ಕೊನೇ ಮನೆಗೂ ತಲುಪುತ್ತಿದ್ದ ದಾರಿ ಅಂದ್ರೆ ನಾಣ್ಯ.

(3/8)
ಹಳೇ ನಾಣ್ಯ ಕೂಡಿಡುವ ಹವ್ಯಾಸ ಇತ್ತೀಚಿನದು ಅಂದ್ಕೊಂಡ್ರಾ? ರೋಮ್‌ನ ಮೊದಲ ಚಕ್ರವರ್ತಿ ಆಗಸ್ಟಸ್ ಹಬ್ಬದ ಉಡುಗೊರೆಯಾಗಿ ಬಟ್ಟೆ, ಚಿನ್ನ, ಬೆಳ್ಳಿಯ ಜೊತೆಗೆ ಹಳೇ ರಾಜರ ಕಾಲದ ಮತ್ತು ಬೇರೆ ದೇಶಗಳ ನಾಣ್ಯಗಳನ್ನೂ ಕೊಡುತ್ತಿದ್ದನಂತೆ. ಹಾಗಂತ ಅವನ ಜೀವನಚರಿತ್ರೆ ಬರೆದ ಸುಯೆಟೋನಿಯಸ್ ಹೇಳುತ್ತಾನೆ. ಅಂದ್ರೆ ನಮಗೆ ಪ್ರಾಚೀನರಾದ ರೋಮನ್ನರಿಗೂ ಅವರದೇ 'ಹಳೇ ನಾಣ್ಯ'ಗಳ ಮೇಲೆ ಆಸೆ ಇತ್ತು.

ಇಟಲಿಯ ಕವಿ ಪೆಟ್ರಾರ್ಕ್ ಕೂಡ ರೋಮನ್ ನಾಣ್ಯ ಕೂಡಿಡುತ್ತಿದ್ದ. 1354ರ ಕೊನೆಯಲ್ಲಿ ಮಾಂಟುವಾ ನಗರದಲ್ಲಿ ನಾಲ್ಕನೇ ಚಾರ್ಲ್ಸ್ ದೊರೆಯನ್ನು ಕಂಡಾಗ ಕೆಲವನ್ನು ಅವನ ಕೈಗಿಟ್ಟ. ಸುಮ್ಮನೆ ಉಡುಗೊರೆಯಲ್ಲ ಅದು. ಈ ಮುಖಗಳನ್ನು ನೋಡು, ಇವರ ಹಾಗೆ ಆಳು ಅನ್ನುವ ಬುದ್ಧಿಮಾತೂ ಜೊತೆಗಿತ್ತು.

ಇನ್ನೂರು ವರ್ಷ ಬಿಟ್ಟು ಹ್ಯೂಬರ್ಟ್ ಗೋಲ್ಟ್‌ಜಿಯಸ್ ಎಂಬ ಚಿತ್ರಕಾರ ಬಂದ. 1558ರಿಂದ 1560ರವರೆಗೆ ಈಗಿನ ಬೆಲ್ಜಿಯಂ-ನೆದರ್‌ಲ್ಯಾಂಡ್ಸ್, ಜರ್ಮನಿ, ಫ್ರಾನ್ಸ್, ಇಟಲಿ ಸುತ್ತಿ, ಮನೆಮನೆಗೆ ಹೋಗಿ ನಾಣ್ಯ ನೋಡಿ ಚಿತ್ರ ಬರೆದುಕೊಂಡ. ತನಗೆ ಸಂಗ್ರಹ ತೋರಿಸಿದವರ ಪಟ್ಟಿಯನ್ನೇ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ 900ಕ್ಕೂ ಹೆಚ್ಚು ಹೆಸರುಗಳಿವೆ. ಆ ಕಾಲದ ಫಾಲೋವರ್ಸ್ ಲಿಸ್ಟ್ ಅನ್ನಿ!

(4/8)
ಒಬ್ಬರಿಗೊಬ್ಬರು ತೋರಿಸೋದರಿಂದ ಏನು ಲಾಭ? ಇಲ್ಲಿದೆ ನಾಣ್ಯಶಾಸ್ತ್ರದ ಗುಟ್ಟು.

ಆಗ ನಾಣ್ಯಗಳನ್ನು ಕೈಯಲ್ಲೇ ಹೊಡೆಯುತ್ತಿದ್ದರು. ಕೆಳಗಿನ ಅಚ್ಚು ಅಡಿಗಲ್ಲಿನ ಹಾಗೆ ಗಟ್ಟಿಯಾಗಿ ಕೂತಿರುತ್ತೆ. ಅದರ ಮೇಲೆ ಲೋಹದ ಬಿಲ್ಲೆ, ಬಿಲ್ಲೆಯ ಮೇಲೆ ಇನ್ನೊಂದು ಅಚ್ಚು, ಅದರ ಮೇಲೆ ಸುತ್ತಿಗೆ ಏಟು. ಅಚ್ಚುಗಳನ್ನೂ ಕೈಯಲ್ಲೇ ಕೊರೆಯುತ್ತಿದ್ದರಿಂದ ಒಂದರಂತೆ ಇನ್ನೊಂದಿಲ್ಲ. ಏಟು ನೇರ ಬೀಳುವ ಮೇಲಿನ ಅಚ್ಚು ಬೇಗ ಸವೆದು ಒಡೆಯುತ್ತೆ. ಆಗ ಅದನ್ನು ಮಾತ್ರ ಬದಲಾಯಿಸುತ್ತಾರೆ, ಕೆಳಗಿನದು ಹಾಗೇ ಇರುತ್ತೆ.

ಈಗ ಯೋಚನೆ ಮಾಡಿ. ನಿಮ್ಮ ಹತ್ತಿರ ಇರೋ ನಾಣ್ಯದ ಮುಖದ ಅಚ್ಚೂ ಪ್ಯಾರಿಸ್‌ನಲ್ಲಿರೋ ನಾಣ್ಯದ ಮುಖದ ಅಚ್ಚೂ ಒಂದೇ, ಆದರೆ ಹಿಂಬದಿ ಬೇರೆ ಅಂದರೆ ಅವೆರಡೂ ಒಂದೇ ಟಂಕಸಾಲೆಯಲ್ಲಿ ಹತ್ತಿರ ಹತ್ತಿರದ ಕಾಲದಲ್ಲಿ ಹುಟ್ಟಿದವು. ಹೀಗೆ ಕೊಂಡಿ ಕೊಂಡಿ ಸೇರಿಸುತ್ತಾ ಹೋದರೆ, ಇಸವಿಯೇ ಬರೆಯದ ನಾಣ್ಯಗಳನ್ನೂ ಕಾಲಕ್ರಮದಲ್ಲಿ ಜೋಡಿಸಬಹುದು. ಒಬ್ಬರ ಪೆಟ್ಟಿಗೆಯೊಳಗಿನ ಒಂದು ನಾಣ್ಯದಿಂದ ಇದು ಆಗೋ ಕೆಲಸವಲ್ಲ. ನೂರಾರು ಪೆಟ್ಟಿಗೆ ತೆರೆಯಬೇಕು.

ವಿಯೆನ್ನಾದ ಯೋಸೆಫ್ ಎಕೆಲ್ ನಾಣ್ಯಗಳನ್ನು ಲೋಹದ ಪ್ರಕಾರ, ಗಾತ್ರದ ಪ್ರಕಾರ ಅಂತ ಜೋಡಿಸುವುದನ್ನು ಬಿಟ್ಟು, ಗ್ರೀಕ್ ನಾಣ್ಯಗಳನ್ನು ಊರು-ಪ್ರದೇಶದ ಪ್ರಕಾರ ಜೋಡಿಸಿ 1792ರಿಂದ 1798ರೊಳಗೆ ಎಂಟು ಸಂಪುಟ ತಂದ. ಇವತ್ತಿಗೂ ಮ್ಯೂಸಿಯಂಗಳು ಬಹುಮಟ್ಟಿಗೆ ಅದೇ ದಾರಿ ಹಿಡಿಯುತ್ತವೆ. ಮುಂಚೆ ವಿದ್ವಾಂಸರು ಪ್ಲಾಸ್ಟರ್ ಪಡಿಯಚ್ಚು ಮಾಡಿಸಿ ಪರಸ್ಪರ ಕಳಿಸಿಕೊಳ್ಳುತ್ತಿದ್ದರು. ಈಗ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ರೋಮನ್ ಸಾಮ್ರಾಜ್ಯದ ನಾಣ್ಯಗಳ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ಫ್ರೀಯಾಗಿ ಇಟ್ಟಿದೆ. ಹಾಸ್ಟೆಲ್‌ನಲ್ಲಿ ಕೂತೇ ನೋಡಬಹುದು.

(5/8)
ಆಸೆ ಇದ್ದಲ್ಲಿ ಮೋಸವೂ ಇರುತ್ತೆ.

ಹದಿನಾರನೇ ಶತಮಾನದಲ್ಲಿ ಪಾದುವಾ ನಗರದ ಜೊವಾನ್ನಿ ಕವಿನೋ ರೋಮನ್ ಶೈಲಿಯಲ್ಲಿ ಎಷ್ಟು ಚೆಂದದ ಪದಕ ಮಾಡಿದ ಅಂದ್ರೆ, ಆಮೇಲೆ ಅವನ್ನೇ ಪ್ರಾಚೀನ ನಾಣ್ಯ ಅಂತ ಜನ ನಂಬಿದರು. ಈಗ ಆ 'ಪಾದುವನ್'ಗಳನ್ನೇ ಸಂಗ್ರಹಿಸುವವರಿದ್ದಾರೆ!

ಆದರೆ ಮೋಸದ ಮಹಾಗುರು ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ (1772–1830). ನೂರಾರು ಅಚ್ಚು ಕೊರೆದ. ಹೊಸ ನಾಣ್ಯ ಹೊಳೆಯುತ್ತೆ, ಅದು ಹಳೇದರ ಹಾಗೆ ಕಾಣಬೇಕಲ್ಲ? ಅದಕ್ಕೊಂದು ಉಪಾಯ ಮಾಡಿದ. ಎಣ್ಣೆಜಿಡ್ಡು, ಕಬ್ಬಿಣದ ಪುಡಿ ತುಂಬಿದ ಡಬ್ಬಿಯಲ್ಲಿ ನಾಣ್ಯ ಹಾಕಿ, ಕುದುರೆಗಾಡಿಗೆ ಕಟ್ಟಿ ಊರೆಲ್ಲ ಸುತ್ತುತ್ತಿದ್ದ. ಕಲ್ಲುದಾರಿಯಲ್ಲಿ ಕುಲುಕಿ ಕುಲುಕಿ ನಾಣ್ಯಕ್ಕೆ 'ವಯಸ್ಸು' ಬರುತ್ತಿತ್ತು.

ಇವನನ್ನು ಹಿಡಿಯೋದು ಹೇಗೆ? ಅದೇ ಅಚ್ಚಿನ ಕೊಂಡಿ. ಬೇರೆ ಬೇರೆ ಕಡೆಯ ನಾಣ್ಯಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದಾಗ, ಬೆಕರ್‌ನ ಅಚ್ಚಿನವೆಲ್ಲ ಒಂದೇ ಗುಂಪಾಗಿ ಸಿಕ್ಕಿಬೀಳುತ್ತವೆ. ಬಚ್ಚಿಟ್ಟ ನಾಣ್ಯದಲ್ಲಿ ಮೋಸವೂ ಬಚ್ಚಿಟ್ಟುಕೊಂಡಿರುತ್ತೆ. ನಾಲ್ಕು ಜನರ ಮುಂದೆ ಇಟ್ಟರೆ ಬಯಲಾಗುತ್ತೆ.

(6/8)
ಈಗ ಇಂಗ್ಲೆಂಡಿನ ಹಾಕ್ಸ್ನ್ ಹಳ್ಳಿಗೆ ಬನ್ನಿ. ನವೆಂಬರ್ 1992.

ರೈತರೊಬ್ಬರ ಸುತ್ತಿಗೆ ಹೊಲದಲ್ಲಿ ಕಳೆದುಹೋಗಿತ್ತು. ಹುಡುಕಿಕೊಡಲು ಅವರ ಸ್ನೇಹಿತ ಎರಿಕ್ ಲಾಸ್ ಎಂಬ ನಿವೃತ್ತ ತೋಟಗಾರ ಮೆಟಲ್ ಡಿಟೆಕ್ಟರ್ ಹಿಡಿದು ಹೋದರು. ಮೊದಲು ಸಿಕ್ಕಿದ್ದು ಸುತ್ತಿಗೆಯಲ್ಲ, ಚಿನ್ನ! ಬೆಳ್ಳಿ ಚಮಚ, ನಾಣ್ಯದ ಮೇಲೆ ನಾಣ್ಯ.

ಲಾಸ್ ಅಲ್ಲಿಗೆ ನಿಲ್ಲಿಸಿದರು. ಪೂರ್ತಿ ಅಗೆದು ಚೀಲಕ್ಕೆ ತುಂಬಲಿಲ್ಲ. ಅಧಿಕಾರಿಗಳಿಗೆ ತಿಳಿಸಿದರು. ಮರುದಿನವೇ ಪುರಾತತ್ವ ತಜ್ಞರು ಬಂದು ಜಾಗರೂಕತೆಯಿಂದ ಅಗೆದರು. ಕೊನೆಗೆ ಲೆಕ್ಕ ಹಾಕಿದಾಗ 14,865 ರೋಮನ್ ನಾಣ್ಯ, ಜೊತೆಗೆ ಸುಮಾರು 200 ಚಿನ್ನ-ಬೆಳ್ಳಿಯ ವಸ್ತುಗಳು.

ಆದರೆ ದೊಡ್ಡ ನಿಧಿ ಅಂದರೆ ಅದರ ಸುತ್ತಲಿದ್ದ ಮಾಹಿತಿ. ಕೊಳೆತುಹೋಗಿದ್ದ ಮರದ ಪೆಟ್ಟಿಗೆಯ ಗುರುತು, ಅದರೊಳಗಿದ್ದ ಚಿಕ್ಕ ಪೆಟ್ಟಿಗೆಗಳ ಬೆಳ್ಳಿ ಬೀಗ, ಪಾತ್ರೆಗಳ ನಡುವೆ ಇಟ್ಟಿದ್ದ ಹುಲ್ಲು. ಕೊನೆಯ ನಾಣ್ಯಗಳು ಕ್ರಿ.ಶ. 407-408ರವು, ಅಂದ್ರೆ ರೋಮನ್ ಆಡಳಿತ ಬ್ರಿಟನ್ನಿನಿಂದ ಕೈಬಿಡುತ್ತಿದ್ದ ಕಾಲ. ಒಂದು ಬಳೆಯ ಮೇಲೆ ಜೂಲಿಯಾನಾ ಎಂಬ ಹೆಣ್ಣುಮಗಳಿಗೆ ಶುಭಾಶಯ ಇತ್ತು. ಯಾರೋ ಒಂದು ಮನೆಯವರು ಆತುರದಲ್ಲಿ ಕೈಗೆ ಸಿಕ್ಕಿದ್ದನ್ನು ತುರುಕಲಿಲ್ಲ, ನಿಧಾನವಾಗಿ ಒಪ್ಪವಾಗಿ ಜೋಡಿಸಿಟ್ಟಿದ್ದರು. ತಿರುಗಿ ಬಂದು ತಗೊಳ್ಳೋಣ ಅಂತಲೇ ಇರಬೇಕು. ಬರಲಿಲ್ಲ.

ಅವೇ ನಾಣ್ಯ ಒಂದೊಂದಾಗಿ ಅಂಗಡಿಗೆ ಹೋಗಿದ್ದರೆ ಈ ಮನೆಯವರ ಸುಳಿವೇ ನಮಗೆ ಸಿಗುತ್ತಿರಲಿಲ್ಲ. ಲಾಸ್‌ಗೆ 17.5 ಲಕ್ಷ ಪೌಂಡ್ ಬಹುಮಾನ ಬಂತು, ರೈತನ ಜೊತೆ ಹಂಚಿಕೊಂಡರು. ಸುತ್ತಿಗೆಯೂ ಸಿಕ್ಕಿತು. ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ 😄

(7/8)
ಈಗ ಮೊದಲ ಪ್ರಶ್ನೆ. ಬ್ರೂಟಸ್‌ನ ನಾಣ್ಯ ವಾಪಸ್ ಹೋಗಿದ್ದು ಯಾಕೆ?

ಹಳೇ ನಾಣ್ಯ ಮಾರುವಾಗ ಅದು ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವ ದಾಖಲೆ ತೋರಿಸಬೇಕು. ಹೊಲದ ಪಹಣಿ ಇದ್ದ ಹಾಗೆ ಅಂದ್ಕೊಳ್ಳಿ. ಈ ನಾಣ್ಯ ಒಬ್ಬ ಸ್ವಿಸ್ ಶ್ರೀಮಂತರ ಹಳೇ ಸಂಗ್ರಹದ್ದು ಅಂತ ಹರಾಜಿನಲ್ಲಿ ಹೇಳಿದ್ದರು. ನ್ಯೂಯಾರ್ಕ್‌ನ ಮ್ಯಾನ್‌ಹಟನ್ ಜಿಲ್ಲಾ ಅಟಾರ್ನಿ ಕಚೇರಿ ತನಿಖೆ ಮಾಡಿದಾಗ ಆ ಕಥೆ ಸುಳ್ಳು ಅಂತ ಗೊತ್ತಾಯ್ತು. ನಾಣ್ಯ ಗ್ರೀಸ್‌ನ ನೆಲದಿಂದ ಕದ್ದು ತೆಗೆದದ್ದು ಅನ್ನೋ ತೀರ್ಮಾನಕ್ಕೆ ಬಂದರು. 2023ರ ಮಾರ್ಚ್‌ನಲ್ಲಿ ಅದನ್ನು ಗ್ರೀಸ್‌ಗೆ ಒಪ್ಪಿಸಿದರು.

ನ್ಯಾಯ ಸಿಕ್ಕಿತು, ಸರಿ. ಆದರೆ ಒಂದು ನಷ್ಟ ಇನ್ನು ತುಂಬೋದಿಲ್ಲ. ಬ್ರೂಟಸ್ ಸೋತು ಸತ್ತಿದ್ದು ಕ್ರಿ.ಪೂ. 42ರಲ್ಲಿ, ಉತ್ತರ ಗ್ರೀಸ್‌ನ ಫಿಲಿಪ್ಪಿ ಯುದ್ಧದಲ್ಲಿ. ಈ ನಾಣ್ಯ ಯಾವ ಗುಂಡಿಯಲ್ಲಿತ್ತು? ಸೈನಿಕನ ಅಸ್ಥಿಯ ಪಕ್ಕವಾ? ಸೇನೆಯ ಬಿಡಾರದಲ್ಲಾ? ಜೊತೆಗೆ ಬೇರೆ ಯಾವ ನಾಣ್ಯ ಇದ್ದವು? ಅಗೆದವನಿಗೆ ಬೇಕಿದ್ದಿದ್ದು ಚಿನ್ನ ಮಾತ್ರ. ನಾಣ್ಯ ದೇಶಕ್ಕೆ ಮರಳಿತು, ಆದರೆ ಅದರ ವಿಳಾಸ ಮರಳಲಿಲ್ಲ.

ಹಾಕ್ಸ್ನ್‌ನ ಒಂದು ಸವೆದ ಬೆಳ್ಳಿ ನಾಣ್ಯ ಇತಿಹಾಸಕ್ಕೆ ಹೇಳಿದಷ್ಟನ್ನು, 30 ಕೋಟಿಯ ಈ ಚಿನ್ನದ ನಾಣ್ಯ ಹೇಳಲಾರದು.

(8/8)
'ಅದೆಲ್ಲ ಅಲ್ಲಿನ ಕಥೆ, ನಮಗೇನು?' ಅಂತೀರಾ? ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಗೆ ಹೋಗಿದ್ದೀರಲ್ವಾ? ಅಲ್ಲಿ ಮೊದಲು ಮೈಸೂರಿನ ಎಂ.ಎಚ್. ಕೃಷ್ಣ, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದರು. ಶಾತವಾಹನರ ಕಾಲದ ಆ ನೆಲೆಯಲ್ಲಿ ರೋಮ್ ಚಕ್ರವರ್ತಿ ಟೈಬೀರಿಯಸ್‌ನ (ಕ್ರಿ.ಶ. 14–37) ಬೆಳ್ಳಿ ಡಿನಾರಿಯಸ್ ಸಿಕ್ಕಿದೆ. ಬೆಂಗಳೂರಿನ ಯಶವಂತಪುರದಲ್ಲೂ ರೋಮನ್ ನಾಣ್ಯ ಸಿಕ್ಕಿವೆ. ನಮ್ಮ ಮೆಣಸು, ಬಟ್ಟೆಗೆ ರೋಮ್‌ನ ದುಡ್ಡೆಲ್ಲ ಹರಿದುಹೋಗ್ತಿದೆ ಅಂತ ಆ ಕಾಲದ ಲೇಖಕ ಪ್ಲಿನಿ ಗೊಣಗಿದ್ದು ಸುಮ್ಮನೆ ಅಲ್ಲ.

ಚಂದ್ರವಳ್ಳಿಯ ನಾಣ್ಯಕ್ಕೆ ಯಾಕೆ ಬೆಲೆ? ಅದು ಮಣ್ಣಿನ ಪದರದಲ್ಲಿ, ಮಡಕೆ ಚೂರುಗಳ ಜೊತೆಯಲ್ಲಿ ಸಿಕ್ಕಿತು. ಟೈಬೀರಿಯಸ್‌ನ ನಾಣ್ಯ ಇರುವ ಪದರ ಟೈಬೀರಿಯಸ್‌ಗಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ. ಹಾಗಾಗಿ ಇಸವಿ ಇಲ್ಲದ ನಮ್ಮ ಮಡಕೆಗಳಿಗೂ ಒಂದು ಕಾಲ ಸಿಕ್ಕಿತು. ದೂರದ ರೋಮ್‌ನ ನಾಣ್ಯ ನಮ್ಮೂರ ಕುಂಬಾರನ ಕಾಲ ಹೇಳಿತು!

ಹಾಗಾದ್ರೆ ನಾವೇನು ಮಾಡಬಹುದು?

🔸 ಹೊಲದಲ್ಲೋ ಪಾಯ ತೆಗೆಯುವಾಗಲೋ ಹಳೇ ನಾಣ್ಯ ಸಿಕ್ಕರೆ ಅಲ್ಲೇ ಕೈ ನಿಲ್ಲಿಸಿ. ಇದ್ದಲ್ಲೇ ಫೋಟೋ ತೆಗೆದು ಜಿಲ್ಲಾಡಳಿತಕ್ಕೆ ತಿಳಿಸಿ. ನಿಧಿ ಬಚ್ಚಿಡೋದು ಅಪರಾಧ.
🔸 ಹುಣಸೆಹಣ್ಣು ಹಾಕಿ ಉಜ್ಜಬೇಡಿ! ಪೂಜೆ ಪಾತ್ರೆ ಅಲ್ಲ ಅದು. ಮೇಲಿನ ಹಸಿರು-ಕಂದು ಪದರ ಹೋದರೆ ನಾಣ್ಯವೂ ಹಾಳು, ಸಾಕ್ಷಿಯೂ ಹಾಳು.
🔸 ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ.
🔸 ಅಜ್ಜಿ ಪೆಟ್ಟಿಗೆಯಲ್ಲಿ ಹಳೇ ನಾಣ್ಯ ಇದ್ದರೆ ಎರಡೂ ಬದಿಯ ಫೋಟೋ, ತೂಕ, ಅಗಲ ಬರೆದಿಡಿ. ಮುಖ್ಯವಾಗಿ, ಅದು ಎಲ್ಲಿಂದ ಬಂತು ಅಂತ ಅಜ್ಜಿಯನ್ನು ಇವತ್ತೇ ಕೇಳಿ. ಆ ಉತ್ತರ ಯಾವ ಮ್ಯೂಸಿಯಂನಲ್ಲೂ ಸಿಗಲ್ಲ.

ನಿಮ್ಮ ಮನೆಯಲ್ಲಿರುವ ಹಳೇ ನಾಣ್ಯದ ಊರು ಯಾವುದು? ಕೇಳಿಕೊಂಡು ಬಂದು ಕಾಮೆಂಟಲ್ಲಿ ಬರೀರಿ. ಬೆಲೆ ಎಷ್ಟು ಅಂತ ಮಾತ್ರ ನನ್ನ ಕೇಳಬೇಡಿ 🙏

#ನಾಣ್ಯದಕಥೆ #ಇತಿಹಾಸ #ಚಂದ್ರವಳ್ಳಿ #ಕನ್ನಡ