ಮೊದಲು ಕೆರೆ, ಆಮೇಲೆ ಗೊಮ್ಮಟ

ಕಟಪಾಡಿಯಲ್ಲಿ ಹೆದ್ದಾರಿ ಬಿಟ್ಟು ಪೂರ್ವಕ್ಕೆ ತಿರುಗುವ ರಸ್ತೆ ಮಲ್ಲಿಗೆಯ ಶಂಕರಪುರ, ಬಂಟಕಲ್ಲು, ಶಿರ್ವ, ಬೆಳ್ಮಣ್, ನಿಟ್ಟೆಗಳನ್ನು ದಾಟಿ ಕಾರ್ಕಳ ಮುಟ್ಟುತ್ತದೆ. ಅಷ್ಟರಲ್ಲಿ ನೆಲದ ಬಣ್ಣವೇ ಬೇರೆ. ಕರಾವಳಿಯ ಮುರಕಲ್ಲಿನ ಕೆಂಪು ಹಿಂದುಳಿದು, ಬೋಳು ಕರಿಪಾದೆಗಳು ಎದ್ದು ನಿಲ್ಲುತ್ತವೆ. ಕರಿಕಲ್ಲೇ ಕಾರ್ಕಳವಾಯಿತು ಎಂಬ ಊರಿನವರ ಮಾತನ್ನು ಕಣ್ಣು ತಕರಾರಿಲ್ಲದೆ ಒಪ್ಪುತ್ತದೆ.

ಬಂದವರಲ್ಲಿ ಹೆಚ್ಚಿನವರು ನೇರ ಗೊಮ್ಮಟಬೆಟ್ಟ ಹತ್ತಿ, ಫೋಟೋ ತೆಗೆದು, ಇಳಿದು ಹೋಗುತ್ತಾರೆ. ಅದು ತಲೆಕೆಳಗಾದ ದಾರಿ. ಊರು ಬೆಳೆಯತೊಡಗಿದ ಕಡೆಯಿಂದಲೇ ನಡೆಯುವುದಾದರೆ ಆನೆಕೆರೆಯಿಂದ ಹೊರಡಬೇಕು. ಪಾಂಡ್ಯದೇವರಸ 1262ರಲ್ಲಿ ಈ ಕೆರೆ ಕಟ್ಟಿಸಿದನೆಂದು ಸ್ಥಳೀಯ ಚರಿತ್ರೆ ಹೇಳುತ್ತದೆ. ಅರಮನೆಯ ಆನೆಗಳನ್ನು ಇಲ್ಲಿ ಮೀಯಿಸುತ್ತಿದ್ದುದರಿಂದ ಆ ಹೆಸರಂತೆ. ಆ ಲೆಕ್ಕದಲ್ಲಿ ಗೊಮ್ಮಟ ಎದ್ದು ನಿಂತದ್ದು 170 ವರ್ಷಗಳ ಮೇಲೆ.

ಸಾರ್ವಜನಿಕರ ವಾಯುವಿಹಾರಕ್ಕೆಂದೇ ಪಾರ್ಕು ಮಾಡಿಸುವುದು ಈಚಿನ ರೂಢಿ. ಇಂಗ್ಲೆಂಡಿನ ಬರ್ಕನ್‌ಹೆಡ್ ಪಾರ್ಕ್ ತೆರೆದದ್ದು 1847ರಲ್ಲಿ, ಬೆಂಗಳೂರಿನ ಕಬ್ಬನ್ ಪಾರ್ಕ್ 1870ರಲ್ಲಿ. ಅದಕ್ಕೂ ಮೊದಲು ತುಳುನಾಡಿನಲ್ಲಿ ಸಂಜೆಯ ಗಾಳಿಗೆ ಕೆರೆಯ ದಂಡೆಯೋ ಪಾದೆಯ ನೆತ್ತಿಯೋ ಸಾಕಿತ್ತು. ಈಗ ಕಾರ್ಕಳದಲ್ಲಿ ತುಳುನಾಡಿನ ಅವಳಿ ವೀರರಾದ ಕೋಟಿ–ಚೆನ್ನಯರ ಹೆಸರಿನ ಥೀಮ್ ಪಾರ್ಕೂ ಇದೆ. ಆದರೂ ಆನೆಕೆರೆಯ ನಡುವೆ ನಿಂತ ಚತುರ್ಮುಖ ಕೆರೆಬಸದಿಯತ್ತ ನೀರಿನ ನಡುವೆ ಹಾಕುವ ನಾಲ್ಕು ಹೆಜ್ಜೆಯ ಹಿತ ಬೇರೆಯೇ.

ಕೆರೆಯಿಂದ ಚಿಕ್ಕಬೆಟ್ಟಕ್ಕೆ ಹೆಚ್ಚು ದೂರವಿಲ್ಲ. ಅದರ ಮೇಲಿನ ಚತುರ್ಮುಖ ಬಸದಿಯನ್ನು ಕಟ್ಟಿಸಿದವನು ಇಮ್ಮಡಿ ಭೈರರಸ ಒಡೆಯ, 1586ರಲ್ಲಿ. ಶಾಸನದಲ್ಲಿ ಇದರ ಹೆಸರು ತ್ರಿಭುವನತಿಲಕ ಜಿನಚೈತ್ಯಾಲಯ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಕಂಬಗಳು 108. ಯಾವ ಬಾಗಿಲಲ್ಲಿ ಇಣುಕಿದರೂ ಕಾಣುವವರು ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರೇ. ಮೊದಲ ಸಲ ಬಂದವರು ಒಂದು ಸುತ್ತು ಹಾಕಿ, ಎಲ್ಲಿಂದ ಹೊರಟೆವೆಂದು ತಿಳಿಯದೆ ಇನ್ನೊಂದು ಸುತ್ತು ಹಾಕುವುದುಂಟು. ಜಗಲಿಯಲ್ಲಿ ಕೂತರೆ ಎದುರಿಗೇ ದೊಡ್ಡ ಬೆಟ್ಟ, ಅದರ ಮೇಲೆ ಗೊಮ್ಮಟ. ಇಡೀ ನಡಿಗೆಯಲ್ಲಿ ಬಹಳ ಹೊತ್ತು ಕೂರಬೇಕಾದ ಜಾಗ ಇದೊಂದೇ.

ಗೊಮ್ಮಟಬೆಟ್ಟದ ಮೆಟ್ಟಿಲುಗಳನ್ನು ಪಾದೆಯಲ್ಲೇ ಕಡಿದಿದ್ದಾರೆ. ಉಸಿರು ಸ್ವಲ್ಪ ಏರುತ್ತದೆ, ಅಷ್ಟೆ. 42 ಅಡಿಯ ಮೂರ್ತಿಯನ್ನು ವೀರಪಾಂಡ್ಯ ಭೈರರಸ ಗುರು ಲಲಿತಕೀರ್ತಿಯ ಮಾತಿನಂತೆ ಪ್ರತಿಷ್ಠಾಪಿಸಿದ್ದು 1432ರ ಫೆಬ್ರವರಿ 13ರಂದು. ಎದುರಿನ ಬ್ರಹ್ಮದೇವ ಕಂಬ 1436ರದ್ದು.

ಇಷ್ಟು ದೊಡ್ಡ ಕಲ್ಲು ಮೇಲೆ ಬಂದದ್ದು ಹೇಗೆ? ಚಂದ್ರಮ ಕವಿ 1646ರ ಸುಮಾರಿಗೆ ಬರೆದ ‘ಕಾರ್ಕಳ ಗೊಮ್ಮಟೇಶ್ವರ ಚರಿತೆ’ಯಲ್ಲಿ ಇಪ್ಪತ್ತು ಗಾಲಿಯ ಬಂಡಿ ಬರುತ್ತದೆ, ಹಗ್ಗ ಹಿಡಿದು ಎಳೆಯುವ ಹತ್ತು ಸಾವಿರ ಮಂದಿ ಬರುತ್ತಾರೆ. ಕವಿ ಬರೆದದ್ದು ಘಟನೆಯಾಗಿ ಇನ್ನೂರು ವರ್ಷ ಕಳೆದ ಮೇಲೆ. ಜನರ ಲೆಕ್ಕದಲ್ಲಿ ಒಂದು ಸೊನ್ನೆ ಹೆಚ್ಚಾಗಿದ್ದರೂ ಗಾಲಿಯ ಲೆಕ್ಕ ನಂಬುವಂತಿದೆ. ಏಕೆಂದರೆ ಇದೇ ಊರು ಅಂಥದ್ದೇ ಕೆಲಸವನ್ನು ಮತ್ತೆ ಮಾಡಿತು. ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ ಕಾರ್ಕಳದಲ್ಲಿ ಕೆತ್ತಿದ 39 ಅಡಿಯ ಬಾಹುಬಲಿ 1973ರಲ್ಲಿ ಧರ್ಮಸ್ಥಳಕ್ಕೆ ಹೊರಟಾಗ, ಟ್ರಾಲಿಗೆ ಇದ್ದ ಗಾಲಿಗಳು 64. ದಾರಿಯುದ್ದಕ್ಕೂ ಜನ ಸಾಲುಗಟ್ಟಿ ನಿಂತಿದ್ದರು.

ಶೆಣೈಯವರ ಹೆಸರು ಎಲ್ಲರಿಗೂ ಗೊತ್ತು. 1432ರ ಶಿಲ್ಪಿ ಯಾರು? ಅದಕ್ಕೆ ತುಳುವಿನ ಕಥನಗೀತೆಯಾದ ಪಾಡ್ದನವನ್ನೇ ಕೇಳಬೇಕು. ಅಲ್ಲಿ ಅವನು ಬೀರ ಕಲ್ಕುಡ. ಇಂಥದ್ದು ಇನ್ನೆಲ್ಲೂ ಆಗಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದನಂತೆ. ಕಲ್ಕುಡ ಛಲ ಬಿಡದೆ ವೇಣೂರಿಗೆ ಹೋಗಿ ಉಳಿದ ಕೈಯಲ್ಲೇ ಅಲ್ಲಿನ ಗೊಮ್ಮಟನನ್ನು ಕೆತ್ತಿದ. ತಂಗಿ ಕಲ್ಲುರ್ಟಿ ಸೇಡು ತೀರಿಸಿಕೊಂಡಳು. ವೇಣೂರಿನ ಮೂರ್ತಿ ಪ್ರತಿಷ್ಠೆಯಾದದ್ದು 1604ರಲ್ಲಿ, ನಡುವೆ 172 ವರ್ಷಗಳ ಅಂತರ. ಪಾಡ್ದನಕ್ಕೆ ಆ ಲೆಕ್ಕ ಬೇಕಿಲ್ಲ. ದೈವಗಳಾದ ಕಲ್ಲುರ್ಟಿ–ಕಲ್ಕುಡರಿಗೆ ತುಳುನಾಡಿನಲ್ಲಿ ಇಂದಿಗೂ ಕೋಲ ನಡೆಯುತ್ತದೆ.

ಬೆಟ್ಟದ ಮೇಲೆ ನಿಂತು ಪೂರ್ವಕ್ಕೆ ನೋಡಿದರೆ ಘಟ್ಟದ ನೀಲಿ ಸಾಲು. ಬೆಳಿಗ್ಗೆ ಹತ್ತರೊಳಗೆ ಇಳಿದುಬಿಡುವುದು ಒಳ್ಳೆಯದು. ಬಿಸಿಲೇರಿದರೆ ಪಾದೆ ಕಾವಲಿಯಂತಾಗಿ, ಚಪ್ಪಲಿ ಹೊರಗೆ ಬಿಟ್ಟು ಬಂದವರು ಗೊಮ್ಮಟನೆದುರು ಕುಣಿಯುತ್ತಲೇ ಕೈಮುಗಿಯಬೇಕಾಗುತ್ತದೆ.