ಎನ್ಸೆಟ್‌ನಿಂದ ಬಾಳೆಗೆ: ಒಂದು ಸೊರಗು ರೋಗದ ಚರಿತ್ರೆ

ಬಾಳೆಯ ಸೊರಗು ರೋಗವೆಂದೊಡನೆ ನಮಗೆ ನೆನಪಾಗುವುದು ಶಿಲೀಂಧ್ರದಿಂದ ಬರುವ ಪನಾಮಾ ರೋಗ. ದುಂಡಾಣುವಿನಿಂದ ಬರುವ ಸೊರಗು ರೋಗಗಳ ಚರಿತ್ರೆ ಬೇರೆ. ಅವುಗಳಲ್ಲೊಂದರ ಮೊದಲ ಅಧ್ಯಾಯ ಇಥಿಯೋಪಿಯಾಕ್ಕೆ ಸೇರಿದುದು. ಅಲ್ಲಿನ ದಕ್ಷಿಣದ ಎತ್ತರದ ಪ್ರದೇಶಗಳಲ್ಲಿ ಬಾಳೆಯ ಸಸ್ಯಬಂಧುವಾದ ಎನ್ಸೆಟ್ ಮುಖ್ಯ ಆಹಾರದ ಬೆಳೆ. ಜನರು ಉಣ್ಣುವುದು ಅದರ ಹಣ್ಣನ್ನಲ್ಲ. ದಿಂಡು, ಗಡ್ಡೆಗಳನ್ನು ಹುದುಗಿಸಿ ಸಿದ್ಧಪಡಿಸುವ 'ಕೊಚೊ'ವನ್ನು. ಈ ಬೆಳೆಯನ್ನು ಬಾಡಿಸುತ್ತಿದ್ದ ದುಂಡಾಣುವಿಗೆ ಯಿರ್ಗು ಮತ್ತು ಬ್ರಾಡ್ಬರಿ 1968ರಲ್ಲಿ 'ಕ್ಸಾಂಥೊಮೊನಾಸ್ ಮ್ಯೂಸಸಿಯಾರಮ್' ಎಂಬ ಹೆಸರಿತ್ತರು. ಅದೇ ಜೀವಿ ಬಾಳೆಯನ್ನೂ ಬಾಧಿಸುತ್ತದೆಂದು 1974ರಲ್ಲಿ ವರದಿ ಮಾಡಿದವರೂ ಅವರೇ.

2001ರಲ್ಲಿ ಈ ರೋಗ ಉಗಾಂಡಾದ ಮುಕೊನೊ ಜಿಲ್ಲೆಯಲ್ಲಿ ಕಾಣಿಸಿಕೊಂಡಿತು. ಬಾಳೆಯೇ ಅನ್ನವಾಗಿದ್ದ ನಾಡಿಗೆ ಇದು ದೊಡ್ಡ ಆಘಾತ. ಮುಂದೆ ಅದು ರುವಾಂಡಾ, ತಾಂಜಾನಿಯಾ, ಕೀನ್ಯಾ, ಬುರುಂಡಿಗಳಲ್ಲೂ ಹರಡಿತು. ಗಂಡು ಹೂಗಳಿಗೆ ಬರುವ ಕೀಟಗಳು, ಸೋಂಕು ತಗುಲಿದ ಕಂದುಗಳು, ರೈತನ ಕೈಯ ಕತ್ತಿ ಇವೆಲ್ಲವೂ ಅದರ ವಾಹಕಗಳು. ರೋಗ ಹೊಕ್ಕ ಗಿಡವನ್ನು ಗುಣಪಡಿಸುವ ಔಷಧವಿಲ್ಲ. ಆದುದರಿಂದ ಹೂಮೂತಿಯನ್ನು ಕತ್ತಿಯಿಂದ ಕೊಯ್ಯದೆ ಕವೆಗೋಲಿನಿಂದ ಮುರಿಯುವುದು, ಉಪಕರಣವನ್ನು ಬೆಂಕಿಗೆ ಹಿಡಿಯುವುದು, ರೋಗಿಷ್ಠ ಗಿಡವನ್ನು ತೆಗೆದುಹಾಕುವುದು ಇಂಥ ಸರಳ ಕ್ರಮಗಳೇ ಆಸರೆಯಾದವು.

1974ರ ವರದಿಗೂ 2001ರ ಆಘಾತಕ್ಕೂ ನಡುವೆ ಇಪ್ಪತ್ತೇಳು ವರ್ಷಗಳಿವೆ. ಒಂದು ಪ್ರದೇಶದ ಬಡವರ ಬೆಳೆಯ ರೋಗವನ್ನು ನೆರೆನಾಡಿನ ಮುನ್ನೆಚ್ಚರಿಕೆಯಾಗಿ ಓದಬೇಕೆಂಬುದೇ ಈ ಚರಿತ್ರೆಯ ಪಾಠ.